ಅಣು ರಾಕೆಟ್ ಗಿಟ್ಟುತ್ತಾ? ನೀವೇ ಲೆಕ್ಕ ಹಾಕಿ ನೋಡುವ ಬಗೆ

"ಅಣು ಎಂಜಿನ್ ಬಂದರೆ 45 ದಿನದಲ್ಲಿ ಮಂಗಳ ಗ್ರಹ!" ಇಂಥ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಓದಿದವರಲ್ಲಿ ಕೆಲವರು "ಬರೀ ಬುರುಡೆ" ಅನ್ನುತ್ತಾರೆ. ಇನ್ನು ಕೆಲವರಿಗೆ ಟಿಕೆಟ್ ತೆಗೆಸುವುದೊಂದೇ ಬಾಕಿ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಹಾಳೆ, ಒಂದು ಪೆನ್ನು, ಮೊಬೈಲಿನ ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು. ಮೊಬೈಲ್ ಅಡ್ಡ ಹಿಡಿದರೆ ವರ್ಗಮೂಲ, ಘಾತ ಎಲ್ಲ ಗುಂಡಿಗಳೂ ಬರುತ್ತವೆ. ಸುಮಾರು ಒಂದು ಗಂಟೆಯ ಕೆಲಸ.

ಶುರು ಮಾಡುವ ಮುಂಚೆ ಒಂದು ಮಾತು. ಅಣು ಎಂಜಿನ್ ಓಡುತ್ತಾ ಅನ್ನುವ ಪ್ರಶ್ನೆ ಮುಗಿದು ಅರ್ಧ ಶತಮಾನಕ್ಕೂ ಜಾಸ್ತಿ ಆಯಿತು. 1969ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಎಕ್ಸ್‌ಇ-ಪ್ರೈಮ್ ಎಂಬ ಎಂಜಿನ್ನನ್ನು 28 ಸಲ ಚಾಲೂ ಮಾಡಿ, ಒಟ್ಟು 115 ನಿಮಿಷ ಓಡಿಸಿದರು. ಓಡಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಗಿಟ್ಟುತ್ತಾ?

ಹೆಜ್ಜೆ 1: ಯಾವ ಅಣು ಎಂಜಿನ್ ಅಂತ ಕೇಳಿ

ಸುದ್ದಿಗಳಲ್ಲಿ ಮೂರು ನಾಲ್ಕು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಲ್ಲಿ ಕಲಸಿರುತ್ತಾರೆ. ಮೊದಲು ಅವನ್ನು ಬಿಡಿಸಿಕೊಳ್ಳಿ.

ಅಣು ಬ್ಯಾಟರಿ ಎಂಜಿನ್ ಅಲ್ಲ. ಪ್ಲುಟೋನಿಯಂ ತಾನಾಗಿ ಕ್ಷಯಿಸುವಾಗ ಬರುವ ಶಾಖದಿಂದ ಒಂದಿಷ್ಟು ಕರೆಂಟ್ ಮಾಡುತ್ತದೆ, ಅಷ್ಟೇ. ವಾಯೇಜರ್ ನೌಕೆಗಳಲ್ಲಿ, ಮಂಗಳದ ಮೇಲಿರುವ ಕ್ಯೂರಿಯಾಸಿಟಿ ರೋವರ್‌ನಲ್ಲಿ ಇರುವುದು ಇದು. ನಮ್ಮ ಚಂದ್ರಯಾನ-3ರಲ್ಲೂ ಇದರ ತಮ್ಮನಂಥದ್ದು ಹೋಗಿತ್ತು. ಭಾಭಾ ಅಣು ಸಂಶೋಧನಾ ಕೇಂದ್ರ ಮಾಡಿಕೊಟ್ಟ ಎರಡು ಪುಟ್ಟ ಶಾಖದ ಡಬ್ಬಿಗಳು, ತಲಾ ಒಂದು ವ್ಯಾಟ್. ಅವು ಕೂತಿದ್ದ ಭಾಗದ ಹೆಸರು ಪ್ರೊಪಲ್ಷನ್ ಮಾಡ್ಯೂಲ್. ಅದನ್ನು ಕೇಳಿ "ಇಸ್ರೋದ ಅಣು ಪ್ರೊಪಲ್ಷನ್" ಅಂದುಕೊಂಡರೆ ದಾರಿ ತಪ್ಪಿದಂತೆ. ಆ ಡಬ್ಬಿಗಳ ಕೆಲಸ ಬೆಚ್ಚಗಿಡುವುದು, ತಳ್ಳುವುದಲ್ಲ.

ನಿಜವಾದ ಎಂಜಿನ್‌ಗಳು ಎರಡು ಬಗೆ. ಒಂದು ಥರ್ಮಲ್. ಯುರೇನಿಯಂ ಸೀಳಿ ಶಾಖ ಹುಟ್ಟಿಸುವ ರಿಯಾಕ್ಟರಿನ ಮೂಲಕ ಹೈಡ್ರೋಜನ್ ಹಾಯಿಸಿ, ಕಾಯಿಸಿ, ನಾಜಲ್‌ನಿಂದ ಹೊರಗೆ ಉಗಿಯುವುದು. ಇನ್ನೊಂದು ಎಲೆಕ್ಟ್ರಿಕ್. ರಿಯಾಕ್ಟರಿನಿಂದ ಕರೆಂಟ್ ಮಾಡಿ, ಆ ಕರೆಂಟಿನಿಂದ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳನ್ನು, ಎಸೆಯುವುದು. ಹಿಂದೆ ಬಾಂಬುಗಳನ್ನೇ ಸಿಡಿಸಿಕೊಂಡು ಹೋಗುವ ಓರಿಯನ್ ಎಂಬ ಯೋಜನೆಯೂ ಇತ್ತು. ಬಾಹ್ಯಾಕಾಶದಲ್ಲಿ ಅಣು ಸ್ಫೋಟ ಕೂಡದು ಅಂತ 1963ರ ಒಪ್ಪಂದ ಹೇಳಿದ ಮೇಲೆ ಅದಕ್ಕೆ ದಾರಿ ಮುಚ್ಚಿತು. ಪಟ್ಟಿಯಿಂದ ಹೊಡೆದುಹಾಕಿ.

ಹೆಜ್ಜೆ 2: ಎಲ್ಲಿ ಚಾಲೂ ಆಗುತ್ತೆ ನೋಡಿ

ನೆಲದಿಂದ ಏಳಲು ಅಣು ಎಂಜಿನ್ ಅಂತ ಯಾರಾದರೂ ಹೇಳಿದರೆ ಮುಂದೆ ಓದುವುದೇ ಬೇಡ. ಒಳ್ಳೆಯ ರಾಸಾಯನಿಕ ಎಂಜಿನ್ ತನ್ನ ತೂಕದ 70 ಪಟ್ಟು ತಳ್ಳುತ್ತದೆ. ಥರ್ಮಲ್ ಅಣು ಎಂಜಿನ್‌ನಲ್ಲಿ ರಿಯಾಕ್ಟರ್, ಕವಚ ಎಲ್ಲ ಸೇರಿದರೆ ಈ ಅಂಕಿ ಒಂದಂಕಿಗೆ ಇಳಿಯುತ್ತದೆ. ಎಲೆಕ್ಟ್ರಿಕ್ ಅಂತೂ ತನ್ನ ತೂಕವನ್ನೇ ಎತ್ತಲಾರದು. ಮೇಲೆ ಹೋಗುವುದು ಮಾಮೂಲಿ ರಾಕೆಟ್‌ನಲ್ಲೇ. ಅಣು ಎಂಜಿನ್ ಶುರುವಾಗುವುದು ಕಕ್ಷೆ ಸೇರಿದ ಮೇಲೆ.

ಹೆಜ್ಜೆ 3: ಮೈಲೇಜ್ ಲೆಕ್ಕ

ಬೈಕಿಗೆ ಮೈಲೇಜ್ ಇದ್ದ ಹಾಗೆ ರಾಕೆಟ್ ಎಂಜಿನ್‌ಗೆ ಸ್ಪೆಸಿಫಿಕ್ ಇಂಪಲ್ಸ್. ಸೆಕೆಂಡುಗಳಲ್ಲಿ ಅಳೆಯುತ್ತಾರೆ. ಅದನ್ನು 9.81ರಿಂದ ಗುಣಿಸಿದರೆ ಹೊಗೆ ಎಷ್ಟು ವೇಗದಲ್ಲಿ ಹೊರಗೆ ಹೋಗುತ್ತದೆ ಅನ್ನುವುದು ಸಿಗುತ್ತದೆ. ಇಸ್ರೋದ ಕ್ರಯೋಜೆನಿಕ್ ಎಂಜಿನ್ ಸಿಇ-20ರದ್ದು ಸುಮಾರು 440 ಸೆಕೆಂಡ್. ಹೈಡ್ರೋಜನ್ ಆಕ್ಸಿಜನ್ ಉರಿಸುವ ಎಂಜಿನ್‌ಗಳು ಇದಕ್ಕಿಂತ ಬಹಳ ಮೇಲೆ ಹೋಗಲಾರವು. ನಾವು 450 ಅಂತ ಇಟ್ಟುಕೊಳ್ಳೋಣ.

ಅಣು ಎಂಜಿನ್‌ನದು ಸುಮಾರು 900 (ಥರ್ಮಲ್ ಬಗೆಯದು; ಎಲೆಕ್ಟ್ರಿಕ್ ಮಾತು ಮುಂದೆ ಬರುತ್ತದೆ). ಜಾಸ್ತಿ ಬಿಸಿ ಇರುವುದಕ್ಕೆ ಹೀಗೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ! ಇದು ಕಡಿಮೆ ಬಿಸಿ. ರಾಸಾಯನಿಕ ಎಂಜಿನ್‌ನ ಒಳಗೆ 3,500 ಕೆಲ್ವಿನ್ ಆಸುಪಾಸು ಇದ್ದರೆ, ರಿಯಾಕ್ಟರಿನಿಂದ ಹೊರಬರುವ ಹೈಡ್ರೋಜನ್ 2,700 ಕೆಲ್ವಿನ್. ಗುಟ್ಟು ಇರುವುದು ಅನಿಲದ ಹಗುರತನದಲ್ಲಿ. ಹೊಗೆಯ ವೇಗ ತಾಪವನ್ನು ಅಣುತೂಕದಿಂದ (ಅನಿಲದ ಒಂದೊಂದು ಕಣದ ತೂಕ) ಭಾಗಿಸಿ ತೆಗೆದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಉರಿದ ಹೊಗೆಯಲ್ಲಿ ನೀರಾವಿಯೇ ಮುಖ್ಯ, ಸರಾಸರಿ ಅಣುತೂಕ 13, 14ರ ಹತ್ತಿರ. ಬರೀ ಹೈಡ್ರೋಜನ್ನಿನದು 2. ಭಾಗಿಸಿ, ವರ್ಗಮೂಲ ತೆಗೆದು ನೋಡಿ: ಒಂದು ಕಡೆ 16, ಇನ್ನೊಂದು ಕಡೆ ಸುಮಾರು 37. ಎರಡು ಪಟ್ಟು ಎಲ್ಲಿಂದ ಬಂತು ಅಂತ ಗೊತ್ತಾಯಿತು ಅಲ್ವಾ? ರಿಯಾಕ್ಟರಿಗೆ ಆಕ್ಸಿಜನ್ ಬೇಡ. ಅದಕ್ಕೇ ಹಗುರ ಅನಿಲವನ್ನೊಂದೇ ಎಸೆಯಲು ಆಗುತ್ತದೆ.

ಹೆಜ್ಜೆ 4: ರಾಕೆಟ್ ಸಮೀಕರಣ

ಈಗ ಮುಖ್ಯವಾದ ಲೆಕ್ಕ. ಎಷ್ಟು ವೇಗ ಬದಲಿಸಬೇಕೋ ಅದನ್ನು ಹೊಗೆಯ ವೇಗದಿಂದ ಭಾಗಿಸಿ. ಬಂದ ಉತ್ತರವನ್ನು ಇ ಎಂಬ ಸಂಖ್ಯೆಯ (2.718) ಘಾತವಾಗಿ ಏರಿಸಿ. ಸಿಗುವುದು ತುಂಬಿದ ನೌಕೆಯ ತೂಕ ಖಾಲಿ ನೌಕೆಯ ಎಷ್ಟು ಪಟ್ಟು ಅನ್ನುವುದು.

ಖಾಲಿ ನೌಕೆ 100 ಟನ್ ಅಂತಿರಲಿ. ಭೂಮಿಯ ಕಕ್ಷೆಯಿಂದ ಮಂಗಳದ ಕಡೆ ಹೊರಡುವುದಕ್ಕೇ ಸೆಕೆಂಡಿಗೆ 4 ಕಿ.ಮೀ. ಹತ್ತಿರ ವೇಗ ಬೇಕು. ಅಲ್ಲಿ ನಿಲ್ಲುವುದು, ವಾಪಸ್ ಹೊರಡುವುದು ಸೇರಿದರೆ ಇನ್ನೂ ಜಾಸ್ತಿ. ಅಭ್ಯಾಸಕ್ಕೆ 8 ಕಿ.ಮೀ. ಹಿಡಿಯೋಣ.

ರಾಸಾಯನಿಕ ಎಂಜಿನ್: ಹೊಗೆಯ ವೇಗ ಸೆಕೆಂಡಿಗೆ 4.41 ಕಿ.ಮೀ. ಪಟ್ಟು 6.12. ಅಂದರೆ 512 ಟನ್ ಇಂಧನ.
ಅಣು ಎಂಜಿನ್: ಹೊಗೆಯ ವೇಗ 8.83 ಕಿ.ಮೀ. ಪಟ್ಟು 2.47. ಅಂದರೆ ಸುಮಾರು 147 ಟನ್.

ಮೂರೂವರೆ ಪಟ್ಟು ವ್ಯತ್ಯಾಸ. ಇನ್ನೂ ಬೇಗ ಹೋಗಬೇಕು, 12 ಕಿ.ಮೀ. ಬೇಕು ಅನ್ನಿ. ಆಗ ಒಂದಕ್ಕೆ 1,416 ಟನ್, ಇನ್ನೊಂದಕ್ಕೆ 289 ಟನ್. 4 ಕಿ.ಮೀ. ಸಾಕು ಅಂದರೆ 147 ಟನ್ ಮತ್ತು 57 ಟನ್. ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಿ. ಗುರಿ ಹತ್ತಿರ ಇದ್ದರೆ ಉಳಿಯುವುದು 90 ಟನ್. ಅವಸರ ಇದ್ದರೆ ಉಳಿಯುವುದು ಸಾವಿರ ಟನ್ನಿಗೂ ಜಾಸ್ತಿ. ಚಂದ್ರನಿಗೆ ಹೋಗಲು ಅಣು ಎಂಜಿನ್ ಬೇಕಾ ಅಂತ ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ. ಗುರು, ಶನಿ ಗ್ರಹಗಳ ಮಾತು ಬೇರೆ.

ಹೆಜ್ಜೆ 5: ಟ್ಯಾಂಕ್ ಮರೆಯಬೇಡಿ

ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನು ಹಿಂದಿನ ಹೆಜ್ಜೆಗೇ ಪೆನ್ನು ಇಟ್ಟು, ಅಣು ಎಂಜಿನ್ ಗೆದ್ದಿತು ಅಂತ ತೀರ್ಪು ಬರೆದುಬಿಟ್ಟಿದ್ದೆ. ಟ್ಯಾಂಕಿನ ಗಾತ್ರ ಹೊಳೆದೇ ಇರಲಿಲ್ಲ.

ದ್ರವ ಹೈಡ್ರೋಜನ್ ವಿಪರೀತ ಹಗುರ. ಒಂದು ಘನ ಮೀಟರಿಗೆ 71 ಕೆ.ಜಿ., ಅಷ್ಟೇ. ಅದೇ ಜಾಗದಲ್ಲಿ ನೀರು ಸಾವಿರ ಕೆ.ಜಿ. ಹಿಡಿಸುತ್ತದೆ. ಹೈಡ್ರೋಜನ್ ಜೊತೆ ಆರು ಪಟ್ಟು ಆಕ್ಸಿಜನ್ ಸೇರಿದ ರಾಸಾಯನಿಕ ಇಂಧನದ ಸರಾಸರಿ ಸಾಂದ್ರತೆ 360ರ ಆಸುಪಾಸು. ಈಗ ಮತ್ತೆ ಭಾಗಿಸಿ. 512 ಟನ್ ರಾಸಾಯನಿಕ ಇಂಧನಕ್ಕೆ ಸುಮಾರು 1,420 ಘನ ಮೀಟರ್ ಸಾಕು. 147 ಟನ್ ಹೈಡ್ರೋಜನ್ನಿಗೆ ಸುಮಾರು 2,075 ಬೇಕು! ಬೆಂಗಳೂರಿನ ಗಲ್ಲಿಗಳಲ್ಲಿ ಓಡಾಡುವ 12,000 ಲೀಟರಿನ ನೀರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳುವುದಾದರೆ ಒಂದು 118 ಲೋಡ್, ಇನ್ನೊಂದು 173 ಲೋಡ್. ತೂಕ ಇಳಿಯಿತು, ಡಬ್ಬ ದೊಡ್ಡದಾಯಿತು. ರಾಕೆಟ್ಟಿನ ಮೂತಿಯೊಳಗೆ ಆ ಡಬ್ಬ ಹಿಡಿಸಬೇಕಲ್ಲ, ಅದು ಬೇರೆ ತಲೆನೋವು.

ಇನ್ನೊಂದು ತೊಂದರೆ ಹೈಡ್ರೋಜನ್ ಕುದಿಯುವ ಬಿಂದು: ಮೈನಸ್ 253 ಡಿಗ್ರಿ. ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಆವಿಯಾಗಿ ಸೋರುತ್ತಲೇ ಇರುತ್ತದೆ. ಮಂಗಳದಿಂದ ವಾಪಸ್ ಬರುವ ಇಂಧನ ಒಂದೆರಡು ವರ್ಷ ಹಾಗೇ ಇರಬೇಕು. ತಂಪು ಮಾಡುವ ಯಂತ್ರ ಜೊತೆಗೇ ಹೋಗಬೇಕು. ರಿಯಾಕ್ಟರ್, ಕವಚ, ದೊಡ್ಡ ಟ್ಯಾಂಕ್, ಈ ಫ್ರಿಜ್ಜು ಎಲ್ಲ ಸೇರಿ ಖಾಲಿ ತೂಕ 100ರ ಬದಲು 120 ಆಯಿತು ಅನ್ನಿ. ಆಗ ಹೈಡ್ರೋಜನ್ 177 ಟನ್. ಒಟ್ಟು 297 ಟನ್, ರಾಸಾಯನಿಕ ನೌಕೆಯ 612ರ ಎದುರು. ಅರ್ಧ. ಇನ್ನೂ ಮುಂದಿದೆ, ಆದರೆ ಮೊದಲು ಕಂಡಷ್ಟು ಮುಂದಿಲ್ಲ.

ಹೆಜ್ಜೆ 6: ರಿಯಾಕ್ಟರ್ ತಡೆಯುತ್ತಾ?

ತಳ್ಳುಬಲವನ್ನು ಹೊಗೆಯ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ಬೇಕಾದ ಶಕ್ತಿ ಸಿಗುತ್ತದೆ. 10 ಟನ್ ತೂಕದಷ್ಟು ತಳ್ಳುವ ಎಂಜಿನ್‌ಗೆ, ಅಂದರೆ ಸುಮಾರು ಒಂದು ಲಕ್ಷ ನ್ಯೂಟನ್‌ಗೆ, 440 ಮೆಗಾವ್ಯಾಟ್. ಕೈಗಾದ ಒಂದೊಂದು ಘಟಕ ಕೊಡುವ ಕರೆಂಟು 220 ಮೆಗಾವ್ಯಾಟ್. ಅಲ್ಲಿ ಹುಟ್ಟುವ ಶಾಖ ಅದರ ಮೂರು ಪಟ್ಟು ಮೀರುತ್ತದೆ ಅನ್ನಿ. ಆದರೂ ಆ ಅಳತೆಯ ಶಾಖವನ್ನು ಒಂದು ಡ್ರಮ್ಮಿನಂಥ ಜಾಗದಲ್ಲಿ ಹುಟ್ಟಿಸಬೇಕು.

ಸಮಾಧಾನದ ವಿಷಯ ಅಂದರೆ ಸಮಯ. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ಒಂದೇ ಸಮನೆ ಓಡಿ ದಾಖಲೆ ಮಾಡಿತು. ರಾಕೆಟ್ ರಿಯಾಕ್ಟರಿಗೆ ಅಷ್ಟು ಬೇಕಿಲ್ಲ. 147 ಟನ್ ಹೈಡ್ರೋಜನ್ ಸೆಕೆಂಡಿಗೆ 11.3 ಕೆ.ಜಿ. ಲೆಕ್ಕದಲ್ಲಿ ಮೂರೂವರೆ ಗಂಟೆಯಲ್ಲಿ ಖಾಲಿ. ಇಷ್ಟು ಹೊತ್ತಿನಲ್ಲಿ ಸೀಳಿಹೋಗುವ ಯುರೇನಿಯಂ ಎಷ್ಟಿರಬಹುದು, ಊಹೆ ಮಾಡಿ. ಒಂದು ಗ್ರಾಂ ಸೀಳಿದರೆ ಸುಮಾರು 8,200 ಕೋಟಿ ಜೂಲ್. ಲೆಕ್ಕ ಹಾಕಿದರೆ ಬರುವುದು 70 ಗ್ರಾಂ. ಹೋಗಿ ಬರುವ ಪ್ರಯಾಣಕ್ಕೆಲ್ಲ ಒಂದು ಹಿಡಿ! ಹಾಗಂತ 70 ಗ್ರಾಂ ಹೊತ್ತೊಯ್ದರೆ ಆಗದು. ಸರಪಳಿ ಕ್ರಿಯೆ ಹತ್ತಿಕೊಳ್ಳಬೇಕಾದರೆ ಹತ್ತಾರು ಕೆ.ಜಿ. ಬೇಕು.

ನಿಜವಾದ ಪೇಚಾಟ ವಸ್ತುಗಳದ್ದು. ನೆವಾಡಾದ ಜ್ಯಾಕಾಸ್ ಫ್ಲ್ಯಾಟ್ಸ್‌ನಲ್ಲಿ 1959ರಿಂದ ಪರೀಕ್ಷಿಸಿದ ಮೊದಲ ರಿಯಾಕ್ಟರುಗಳಿಗೆ ಕಿವಿ ಅಂತ ಹೆಸರಿಟ್ಟಿದ್ದರು, ಹಾರಲಾರದ ಹಕ್ಕಿಯ ಹೆಸರು. ಯುರೇನಿಯಂ ಇಂಧನ ಗ್ರಾಫೈಟ್ ಕಡ್ಡಿಗಳಲ್ಲಿ ಇತ್ತು. ಬಿಸಿ ಹೈಡ್ರೋಜನ್ ಗ್ರಾಫೈಟನ್ನು ತಿಂದುಹಾಕುತ್ತದೆ, ಮೀಥೇನ್ ಮಾಡಿ ಹೊತ್ತೊಯ್ಯುತ್ತದೆ. ಅದಕ್ಕೆ ನಯೋಬಿಯಂ ಕಾರ್ಬೈಡಿನ ಲೇಪ ಕೊಟ್ಟರು. 1962ರ ಒಂದು ಪರೀಕ್ಷೆಯಲ್ಲಿ ಕಡ್ಡಿಗಳ ಚೂರುಗಳೇ ನಾಜಲ್‌ನಿಂದ ಕಿಡಿಯಾಗಿ ಹಾರಿದವು. ಕಾರಣ ಶಾಖ ಅಲ್ಲ, ಹರಿಯುವ ಅನಿಲದಿಂದ ಹುಟ್ಟಿದ ನಡುಕ. 1965ರಲ್ಲಿ ಫೀಬಸ್ 1ಎ ಎಂಬ ರಿಯಾಕ್ಟರ್ ಓಡುತ್ತಿದ್ದಾಗ ಮಾಪಕ ತಪ್ಪು ತೋರಿಸಿ ಹೈಡ್ರೋಜನ್ ಮುಗಿದೇಹೋಯಿತು. ಒಳಭಾಗ ಬೆಂದುಹೋಯಿತು. ಇದರಿಂದ ಒಂದು ಮಾತು ಹಾಳೆಯ ಅಂಚಿಗೆ ಬರೆದಿಟ್ಟುಕೊಳ್ಳಿ: ಈ ಎಂಜಿನ್‌ನಲ್ಲಿ ಎಸೆಯುವ ಅನಿಲವೇ ತಂಪು ಮಾಡುವ ಅನಿಲ.

ಆದರೂ 1967ರಲ್ಲಿ ಎನ್‌ಆರ್‌ಎಕ್ಸ್-ಎ6 ರಿಯಾಕ್ಟರ್ ಒಂದೇ ಓಟದಲ್ಲಿ 60 ನಿಮಿಷ ನಡೆಯಿತು. 1968ರಲ್ಲಿ ಫೀಬಸ್ 2ಎ ಸುಮಾರು 12 ನಿಮಿಷ 4,000 ಮೆಗಾವ್ಯಾಟ್ ದಾಟಿತು. ಈ ಅಂಕಿಗಳ ಎದುರು ನಮ್ಮ ಮೂರೂವರೆ ಗಂಟೆ ಇಡಿ. ಎರಡು ಮೂರು ಎಂಜಿನ್ ಹಂಚಿಕೊಂಡರೆ ಆಗದ ಮಾತೇನಲ್ಲ.

ನಿಲ್ಲಿಸುವ ಲೆಕ್ಕವೂ ಇದೆ. ರಿಯಾಕ್ಟರ್ ಸ್ವಿಚ್ ಆಫ್ ಮಾಡಿದ ತಕ್ಷಣ ತಣ್ಣಗಾಗುವ ಒಲೆಯಲ್ಲ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ, 10 ಸೆಕೆಂಡಿನ ನಂತರವೂ 10 ಮೆಗಾವ್ಯಾಟಿಗಿಂತ ಜಾಸ್ತಿ ಶಾಖ ಬರುತ್ತಿರುತ್ತದೆ. ಒಂದು ಗಂಟೆ ಕಳೆದರೂ ಅರ್ಧ ಮೆಗಾವ್ಯಾಟಿನ ಹತ್ತಿರ. ಅದನ್ನು ತಂಪು ಮಾಡಲು ಹೈಡ್ರೋಜನ್ ಬಿಡುತ್ತಲೇ ಇರಬೇಕು. ಆ ಹೈಡ್ರೋಜನ್ನಿನಿಂದ ಪೂರ್ತಿ ಮೈಲೇಜ್ ಸಿಗುವುದಿಲ್ಲ. ಸುದ್ದಿಯಲ್ಲಿ ಇದರ ಮಾತೇ ಇಲ್ಲದಿದ್ದರೆ ಇಂಧನಕ್ಕೆ ಕೆಲವು ಟನ್ ಸೇರಿಸಿಕೊಳ್ಳಿ.

ಹೆಜ್ಜೆ 7: ಎಲೆಕ್ಟ್ರಿಕ್ ಆದರೆ ಶಾಖ ಎಲ್ಲಿ ಹಾಕ್ತಾರೆ ಅಂತ ಕೇಳಿ

ಎಲೆಕ್ಟ್ರಿಕ್ ಎಂಜಿನ್‌ನ ಮೈಲೇಜ್ ಬೇರೆಯೇ ಮಟ್ಟ. ಸೌರ ಫಲಕದ ಕರೆಂಟಿನಿಂದ ಓಡಿದ ಡಾನ್ ನೌಕೆಯದು ಸುಮಾರು 3,100 ಸೆಕೆಂಡ್. ಆದರೆ ಅದರ ತಳ್ಳುಬಲ 90 ಮಿಲಿನ್ಯೂಟನ್, ಅಂಗೈ ಮೇಲೆ ಒಂದೆರಡು ಹಾಳೆ ಇಟ್ಟಷ್ಟು ಭಾರ.

ಒಂದು ಮೆಗಾವ್ಯಾಟ್ ಕರೆಂಟು ಕೊಟ್ಟು, 4,000 ಸೆಕೆಂಡಿನ ಎಂಜಿನ್ ಇಟ್ಟು, ನೂರಕ್ಕೆ 65 ಭಾಗ ದಕ್ಕುತ್ತದೆ ಅಂದುಕೊಂಡರೂ 33 ನ್ಯೂಟನ್ ಬರುತ್ತದೆ. 100 ಟನ್ ನೌಕೆಗೆ ಇದು ದಿನಕ್ಕೆ ಸೆಕೆಂಡಿಗೆ 28 ಮೀಟರ್‌ನಷ್ಟು ವೇಗ ಕೂಡಿಸುತ್ತದೆ. 4 ಕಿ.ಮೀ. ವೇಗಕ್ಕೆ 140 ದಿನ. ಸಾಮಾನು ಸಾಗಿಸಲು ಸರಿ. ಮನುಷ್ಯರಿಗೆ ನಿಧಾನವಾಯಿತು.

ಹಾಗಾದರೆ ಹತ್ತು ಮೆಗಾವ್ಯಾಟ್ ಹಾಕೋಣ ಅನ್ನಬಹುದು. ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಒಂದು ಮೆಗಾವ್ಯಾಟ್ ಕರೆಂಟು ಮಾಡುವಾಗ ಮೂರು ಮೆಗಾವ್ಯಾಟ್ ಶಾಖ ವ್ಯರ್ಥ ಆಗುತ್ತದೆ ಅನ್ನಿ. ಭೂಮಿಯ ಮೇಲೆ ಹೊಳೆ, ಕೆರೆ, ಕೂಲಿಂಗ್ ಟವರ್ ಇವೆ. ಬಾಹ್ಯಾಕಾಶದಲ್ಲಿ ಗಾಳಿಯೂ ಇಲ್ಲ. ಶಾಖ ಹೋಗಬೇಕಾದ್ದು ಬರೀ ಕಿರಣವಾಗಿ. 500 ಕೆಲ್ವಿನ್ ತಾಪದ ರೇಡಿಯೇಟರ್ ಹಲಗೆಯ ಒಂದು ಚದರ ಮೀಟರ್, ಎರಡೂ ಮುಖ ಸೇರಿ, ಆರೂಕಾಲು ಕಿಲೋವ್ಯಾಟ್ ಚಿಲ್ಲರೆ ಹೊರಹಾಕುತ್ತದೆ. ಮೂರು ಮೆಗಾವ್ಯಾಟಿಗೆ ಸುಮಾರು 470 ಚದರ ಮೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ಥರ್ಟಿ-ಫಾರ್ಟಿ ಸೈಟು, ಮೇಲೆ ಸ್ವಲ್ಪ. ತಾಪ 800 ಕೆಲ್ವಿನ್‌ಗೆ ಏರಿಸಿದರೆ 72 ಚದರ ಮೀಟರ್ ಸಾಕು, ಏಕೆಂದರೆ ಹೊರಸೂಸುವ ಶಾಖ ತಾಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಆದರೆ ಹಲಗೆ ಅಷ್ಟು ಬಿಸಿ ಇರಬೇಕಾದರೆ ರಿಯಾಕ್ಟರ್, ಟರ್ಬೈನ್ ಇನ್ನೂ ಬಿಸಿ ಇರಬೇಕು.

ಇಲ್ಲಿವರೆಗಿನ ಅನುಭವ ನೋಡಿ. ಅಮೆರಿಕ 1965ರಲ್ಲಿ ಕಕ್ಷೆಗೆ ಕಳಿಸಿದ ಸ್ನ್ಯಾಪ್-10ಎ ರಿಯಾಕ್ಟರ್ ಕೊಟ್ಟಿದ್ದು ಸುಮಾರು 500 ವ್ಯಾಟ್, ಒಂದು ಮಿಕ್ಸಿಗೆ ಸಾಕಾಗುವಷ್ಟು. 43 ದಿನಕ್ಕೆ ನಿಂತಿತು. ಕೆಟ್ಟಿದ್ದು ರಿಯಾಕ್ಟರ್ ಅಲ್ಲ, ವೋಲ್ಟೇಜ್ ರೆಗ್ಯುಲೇಟರ್ ಕಡೆಯ ದೋಷ. ಸೋವಿಯತ್ ರಷ್ಯಾದವರು 30ಕ್ಕೂ ಹೆಚ್ಚು ಹಾರಿಸಿದರು, ಅವೂ ಕಿಲೋವ್ಯಾಟ್ ಅಳತೆಯವೇ. ಮೆಗಾವ್ಯಾಟ್ ಅಂದರೆ ಅಲ್ಲಿಂದ ನೂರಾರು ಪಟ್ಟು ಜಿಗಿತ.

ಹೆಜ್ಜೆ 8: ಬಿದ್ದರೆ ಏನು ಗತಿ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ರಿಯಾಕ್ಟರ್ ಹಚ್ಚುವ ಮುಂಚೆ ಒಂದು, ಹಚ್ಚಿದ ಮೇಲೆ ಇನ್ನೊಂದು.

ಹಚ್ಚದ ಯುರೇನಿಯಂ ಅಷ್ಟೇನೂ ವಿಕಿರಣ ಬಿಡುವುದಿಲ್ಲ. ಯುರೇನಿಯಂ-235ರ ಅರ್ಧಾಯುಷ್ಯ 70 ಕೋಟಿ ವರ್ಷ. ಅಣು ಬ್ಯಾಟರಿಯ ಪ್ಲುಟೋನಿಯಂ-238ರದ್ದು 88 ವರ್ಷ. ನಿಧಾನಕ್ಕೆ ಕ್ಷಯಿಸುವುದು ಕಡಿಮೆ ವಿಕಿರಣ ಬಿಡುತ್ತದೆ. ಅಂದರೆ ಉಡಾವಣೆಯ ಹೊತ್ತಿಗೆ ಹೊಸ ರಿಯಾಕ್ಟರ್ ಅಣು ಬ್ಯಾಟರಿಗಿಂತ ಸಾಧು. ಒಂದೇ ಹೆದರಿಕೆ, ಸಮುದ್ರಕ್ಕೆ ಬಿದ್ದು ಒಳಗೆ ನೀರು ನುಗ್ಗಿದರೆ. ನೀರು ನ್ಯೂಟ್ರಾನುಗಳನ್ನು ನಿಧಾನ ಮಾಡಿ ಸರಪಳಿ ಕ್ರಿಯೆ ತಾನಾಗಿ ಹತ್ತಿಕೊಳ್ಳಬಹುದು. ಅದಕ್ಕೆ ನ್ಯೂಟ್ರಾನ್ ಹೀರುವ ವಸ್ತುಗಳನ್ನು ಒಳಗೆ ತುರುಕಿ ಕಳಿಸುವ ವಿನ್ಯಾಸ ಬೇಕು. ಯೋಜನೆಯಲ್ಲಿ ಇದು ಇದೆಯಾ ನೋಡಿ.

ಓಡಿದ ಮೇಲೆ ಕಥೆಯೇ ಬೇರೆ. 1978ರ ಜನವರಿಯಲ್ಲಿ ಸೋವಿಯತ್‌ನ ಕಾಸ್ಮೋಸ್-954 ಉಪಗ್ರಹ ರಿಯಾಕ್ಟರ್ ಸಮೇತ ಕೆನಡಾದ ಉತ್ತರದಲ್ಲಿ ಬಿದ್ದಿತು. ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿತು, 30 ಲಕ್ಷ ಸಿಕ್ಕಿತು. ಓಡಿದ ರಿಯಾಕ್ಟರ್ ನೂರಾರು ವರ್ಷ ಕೆಳಗೆ ಬೀಳದಷ್ಟು ಎತ್ತರದಲ್ಲಿರಬೇಕು ಅನ್ನುವುದು ಈಗಿನ ಕಟ್ಟಳೆ. ವಿಶ್ವಸಂಸ್ಥೆ 1992ರಲ್ಲಿ ಇದಕ್ಕೆಲ್ಲ ತತ್ವಗಳನ್ನು ಒಪ್ಪಿಕೊಂಡಿದೆ.

ಯಾತ್ರಿಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಮಂಗಳದ ದಾರಿಯಲ್ಲಿ ಕ್ಯೂರಿಯಾಸಿಟಿ ಅಳೆದ ವಿಕಿರಣ ದಿನಕ್ಕೆ 1.8 ಮಿಲಿಸೀವರ್ಟ್. 180 ದಿನಕ್ಕೆ 324. ಭೂಮಿಯ ಮೇಲೆ ವಿಕಿರಣದ ಕೆಲಸ ಮಾಡುವವರಿಗೆ ವರ್ಷಕ್ಕೆ ಸರಾಸರಿ 20 ಮಾತ್ರ. ಪ್ರಯಾಣ 120 ದಿನಕ್ಕೆ ಇಳಿದರೆ 216. ರಿಯಾಕ್ಟರ್ ಪಕ್ಕ ಕೂತರೆ ಅಪಾಯ ಅನ್ನುವವರಿಗೆ ಇದನ್ನು ತೋರಿಸಿ. ರಿಯಾಕ್ಟರ್ ನೌಕೆಯ ಬಾಲದಲ್ಲಿ, ಜನ ತಲೆಯಲ್ಲಿ, ನಡುವೆ ಕವಚ ಮತ್ತು ಹೈಡ್ರೋಜನ್ ಟ್ಯಾಂಕ್. ಆಕಾಶದಿಂದ ಬರುವ ಕಿರಣಕ್ಕೆ ಅಂಥ ಅಡ್ಡಗೋಡೆ ಇಲ್ಲ.

ಹೆಜ್ಜೆ 9: ದುಡ್ಡು

ಅಮೆರಿಕದ ಹಳೆಯ ಯೋಜನೆ 1973ರಲ್ಲಿ ನಿಂತಿತು. ಎಂಜಿನ್ ಕೆಟ್ಟು ಅಲ್ಲ, ಮಂಗಳಕ್ಕೆ ಹೋಗುವ ಯೋಜನೆಯೇ ಇಲ್ಲವಾಗಿ. ಆಗ ರಿಯಾಕ್ಟರಿನ ಹೊಗೆಯನ್ನು ಬಯಲಿಗೇ ಬಿಡುತ್ತಿದ್ದರು. ಈಗ ಹಾಗೆ ಆಗದು. ಹೊಗೆ ಹಿಡಿದು ತೊಳೆಯುವ ಪರೀಕ್ಷಾ ಕೇಂದ್ರಕ್ಕೇ ಭಾರಿ ಖರ್ಚು.

ಇತ್ತೀಚಿನ ಉದಾಹರಣೆ ಡ್ರಾಕೊ ಎಂಬ ಅಣು ಎಂಜಿನ್ ಯೋಜನೆ. ನಾಸಾ ಮತ್ತು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಸೇರಿ 2023ರಲ್ಲಿ ಲಾಕ್‌ಹೀಡ್ ಮಾರ್ಟಿನ್, ಬಿಡಬ್ಲ್ಯೂಎಕ್ಸ್‌ಟಿ ಕಂಪನಿಗಳಿಗೆ ಕೆಲಸ ಕೊಟ್ಟವು. 2027ಕ್ಕೆ ಹಾರಿಸುವ ಮಾತಿತ್ತು. 2025ರಲ್ಲಿ ಕೈಬಿಟ್ಟರು. ಹೇಳಿದ ಕಾರಣಗಳಲ್ಲಿ ಒಂದು, ಉಡಾವಣೆಯ ಖರ್ಚು ಇಳಿಯುತ್ತಿರುವುದು.

ಈ ಕಾರಣವನ್ನು ನಮ್ಮ ಹಾಳೆಯಲ್ಲೇ ಪರೀಕ್ಷಿಸಬಹುದು. 8 ಕಿ.ಮೀ. ಲೆಕ್ಕದಲ್ಲಿ ಅಣು ನೌಕೆ ಉಳಿಸಿದ್ದು 315 ಟನ್. ಒಂದು ರಾಕೆಟ್ 100 ಟನ್ ಎತ್ತುತ್ತದೆ ಅಂದರೆ ಮೂರು ನಾಲ್ಕು ಉಡಾವಣೆ. ಉಡಾವಣೆ ದುಬಾರಿ ಇದ್ದ ಕಾಲಕ್ಕೆ ಅದು ದೊಡ್ಡ ಉಳಿತಾಯ. ಅಗ್ಗವಾದರೆ ನಾಲ್ಕು ಟ್ಯಾಂಕರ್ ಜಾಸ್ತಿ ಕಳಿಸುವುದೇ ಸಲೀಸು. 12 ಕಿ.ಮೀ. ಲೆಕ್ಕದಲ್ಲಿ ಉಳಿಯುವುದು ಹನ್ನೊಂದು ಉಡಾವಣೆ ಆಗುತ್ತದೆ. ಆಗ ತಕ್ಕಡಿ ಮತ್ತೆ ವಾಲುತ್ತದೆ. ಗಿಟ್ಟುವುದು ಬಿಡುವುದು ಎಂಜಿನ್‌ಗಿಂತ ನಿಮ್ಮ ಅವಸರದ ಮೇಲೆ ನಿಂತಿದೆ.

ಕೊನೆಯದಾಗಿ, ಆ 45 ದಿನ

ಈಗ ಶುರುವಿನ ಸುದ್ದಿಗೆ ಬನ್ನಿ. ಒರಟು ಲೆಕ್ಕ ಸಾಕು. ಸೂರ್ಯನ ಸೆಳೆತ, ಗ್ರಹಗಳ ಓಟ ಎಲ್ಲ ಬಿಟ್ಟು, ಮಂಗಳ ಹತ್ತಿರ ಬಂದಾಗಿನ 5.6 ಕೋಟಿ ಕಿ.ಮೀ. ದೂರವನ್ನು ನೇರ ಗೆರೆ ಅಂದುಕೊಳ್ಳಿ. 45 ದಿನಕ್ಕೆ ಸರಾಸರಿ ಸೆಕೆಂಡಿಗೆ 14.4 ಕಿ.ಮೀ. ಅಷ್ಟು ವೇಗ ಏರಿಸಬೇಕು, ಅಲ್ಲಿ ಅಷ್ಟೂ ಇಳಿಸಬೇಕು. ಒಟ್ಟು ಸುಮಾರು 29. ಥರ್ಮಲ್ ಎಂಜಿನ್‌ಗೆ ಪಟ್ಟು 26 ಬರುತ್ತದೆ, ಅಂದರೆ 2,500 ಟನ್ ಹೈಡ್ರೋಜನ್, ಅದೂ ಹೋಗಲಿಕ್ಕೆ ಮಾತ್ರ. ನೀರಿನ ಟ್ಯಾಂಕರ್ ಲೆಕ್ಕ ನೀವೇ ಮಾಡಿ.

ಎಲೆಕ್ಟ್ರಿಕ್ ಆದರೆ? ಅರ್ಧ ದಾರಿ ತಳ್ಳುತ್ತಾ, ಅರ್ಧ ದಾರಿ ಬ್ರೇಕ್ ಹಾಕುತ್ತಾ ಹೋದರೂ 100 ಟನ್ ನೌಕೆಗೆ 1,480 ನ್ಯೂಟನ್ ಬೇಕು. ಮೆಗಾವ್ಯಾಟಿಗೆ 33ರ ಹಾಗೆ 45 ಮೆಗಾವ್ಯಾಟ್. 500 ಕೆಲ್ವಿನ್ ರೇಡಿಯೇಟರ್ ಹಿಡಿದರೆ 21,000 ಚದರ ಮೀಟರ್ ದಾಟುತ್ತದೆ. ಹತ್ತಿರ ಹತ್ತಿರ 190 ಥರ್ಟಿ-ಫಾರ್ಟಿ ಸೈಟು, ಒಂದು ಇಡೀ ಲೇಔಟು. 800 ಕೆಲ್ವಿನ್‌ಗೆ ತಂದರೆ 29 ಸೈಟು. ಇಷ್ಟನ್ನೂ ಮಡಚಿ ರಾಕೆಟ್ಟಿನಲ್ಲಿ ತುಂಬಿ, ಮೇಲೆ ಬಿಚ್ಚಿ, ರಿಯಾಕ್ಟರ್ ಸಮೇತ 100 ಟನ್ನಿನ ಒಳಗೇ ಇಡಬೇಕು. ಸುದ್ದಿಯಲ್ಲಿ ರೇಡಿಯೇಟರಿನ ತೂಕ ಬರೆದಿದ್ದಾರಾ ಅಂತ ಒಮ್ಮೆ ಹುಡುಕಿ ನೋಡಿ.